ಮರವಾಗಿಯೂ ಬಗ್ಗಿದ ಮರ: ಪಿಯಾನೋ ಸ್ಟೂಲು ಮಾಡಿದ ಮನೆತನಗಳು

ಸಂಗೀತದ ಚರಿತ್ರೆ ಬರೆದವರು ರಾಗ ಹೊಂದಿಸಿದವರನ್ನು ನೆನೆದಿದ್ದಾರೆ, ವಾದ್ಯ ನುಡಿಸಿದವರನ್ನು ಕೊಂಡಾಡಿದ್ದಾರೆ, ವಾದ್ಯ ತಯಾರಿಸಿದವರ ಹೆಸರುಗಳನ್ನೂ ಬರೆದಿಟ್ಟಿದ್ದಾರೆ. ಆದರೆ ನುಡಿಸುವವರು ಕುಳಿತ ಆಸನದ ಬಗ್ಗೆ ಬರೆದವರು ಕಡಿಮೆ. ಕಛೇರಿ ಮುಗಿದು ಚಪ್ಪಾಳೆ ಬೀಳುವಾಗ ವಾದಕರು ಎದ್ದು ನಿಂತು ತಲೆ ಬಾಗುತ್ತಾರೆ. ಅಷ್ಟು ಹೊತ್ತು ಅವರನ್ನು ಹೊತ್ತ ಸ್ಟೂಲು ಹಿಂದೆ ಸುಮ್ಮನೆ ನಿಂತಿರುತ್ತದೆ.

ಹಳೆಯ ಪಿಯಾನೋ ಸ್ಟೂಲನ್ನು ನೋಡಿದವರಿಗೆ ಅದರ ರೂಪ ನೆನಪಿರಬಹುದು. ಮೇಲೆ ಗುಂಡಗಿನ ಮಣೆ, ಅದರ ಅಡಿಗೆ ಬಿಗಿದ ದಪ್ಪ ಕಬ್ಬಿಣದ ತಿರುಪು, ಆ ತಿರುಪು ಇಳಿಯಲು ನಡುವೆ ಒಂದು ಕಂಬ, ಕಂಬಕ್ಕೆ ಮೂರೋ ನಾಲ್ಕೋ ಕಾಲುಗಳು. ಮಣೆಯನ್ನು ಬಲಕ್ಕೆ ತಿರುಗಿಸಿದರೆ ಆಸನ ಇಳಿಯುತ್ತದೆ, ಎಡಕ್ಕೆ ತಿರುಗಿಸಿದರೆ ಏರುತ್ತದೆ. ಇದರಲ್ಲಿ ಅಂಥ ದೊಡ್ಡ ವಿದ್ಯೆ ಏನಿದೆ ಎಂದು ಕೇಳಬಹುದು. ಆದರೆ ಈ ಸಣ್ಣ ವಸ್ತುವಿನ ಹಿಂದೆ ಹಲವು ಮನೆತನಗಳ ದುಡಿಮೆ ಇದೆ, ಸಾಲ ಇದೆ, ಸೋಲು ಇದೆ, ತಂದೆಯಿಂದ ಮಕ್ಕಳಿಗೆ ದಾಟಿದ ಕೈಗುಣ ಇದೆ.

ಕಾಲುಗಳು ನೇತಾಡಬಾರದು

ಪಿಯಾನೋದ ಮನೆಗಳು ನೆಲದಿಂದ ಒಂದೇ ಎತ್ತರದಲ್ಲಿರುತ್ತವೆ. ಆದರೆ ಅದರ ಮುಂದೆ ಕೂರುವವರು ಒಂದೇ ಎತ್ತರದವರಲ್ಲ. ತಂದೆಗೆ ಸರಿಯಾದ ಕುರ್ಚಿ ಮಗಳಿಗೆ ತಗ್ಗು. ಮೊಣಕೈ ತೀರ ಕೆಳಗಾದರೆ ಮಣಿಕಟ್ಟು ಸೊಟ್ಟಗಾಗುತ್ತದೆ, ತೀರ ಮೇಲಾದರೆ ಹೆಗಲು ನೋಯುತ್ತದೆ.

ಪಿಯಾನೋ ಮನೆಮನೆಗೆ ಬರುವ ಮೊದಲೇ ಇದನ್ನು ಗಮನಿಸಿದವರು ಫ್ರಾನ್ಸಿನ ಫ್ರಾನ್ಸ್ವಾ ಕೂಪರಾಂ (1668–1733). ಅವರು ಪ್ಯಾರಿಸ್ಸಿನ ಸಂತ ಜೆರ್ವೆಯವರ ದೇವಾಲಯದಲ್ಲಿ ಆರ್ಗನ್ ವಾದಕರಾಗಿದ್ದರು. ಆ ದೇವಾಲಯದ ಆರ್ಗನ್ ಆಸನವೂ ಒಂದು ಮನೆತನದ ಕಥೆಯೇ. 1653ರಲ್ಲಿ ಲೂಯಿ ಕೂಪರಾಂ ಅಲ್ಲಿ ಕುಳಿತರು. ಅಲ್ಲಿಂದ 1826ರವರೆಗೆ, ಸುಮಾರು 170 ವರ್ಷಗಳ ಕಾಲ, ಆ ಆಸನದಲ್ಲಿ ಕೂಪರಾಂ ಮನೆತನದವರೇ ಕುಳಿತರು.

ಹಾರ್ಪ್ಸಿಕಾರ್ಡ್ ಎಂಬ ತಂತಿವಾದ್ಯವನ್ನು ನುಡಿಸುವ ಬಗ್ಗೆ ಫ್ರಾನ್ಸ್ವಾ ಕೂಪರಾಂ 1716ರಲ್ಲಿ ಒಂದು ಪಾಠಪುಸ್ತಕ ಪ್ರಕಟಿಸಿದರು. ಮೊಣಕೈ, ಮಣಿಕಟ್ಟು, ಬೆರಳು ಮೂರೂ ಒಂದೇ ಮಟ್ಟದಲ್ಲಿರುವಂತೆ ಆಸನದ ಎತ್ತರವನ್ನು ಆರಿಸಿಕೊಳ್ಳಬೇಕು ಎಂದು ಅದರಲ್ಲಿ ಹೇಳಿದರು. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದರು. ಮಕ್ಕಳು ನುಡಿಸುವಾಗ ಅವರ ಕಾಲ ಕೆಳಗೆ ಏನಾದರೂ ಇಡಬೇಕು; ಮಗು ಬೆಳೆದಂತೆ ಅದರ ಎತ್ತರವನ್ನು ಬದಲಿಸಬೇಕು; ಕಾಲು ಗಾಳಿಯಲ್ಲಿ ನೇತಾಡಿದರೆ ದೇಹಕ್ಕೆ ಸಮತೋಲನ ಸಿಗದು ಎಂಬುದು ಅವರ ಅಭಿಪ್ರಾಯ. ಇದನ್ನು ಬರೆದವರು ಫ್ರಾನ್ಸಿನ ರಾಜನ ಆರ್ಗನ್ ವಾದಕರಲ್ಲೊಬ್ಬರು. ಅಷ್ಟು ದೊಡ್ಡವರು ಮಗುವಿನ ಕಾಲನ್ನು ಗಮನಿಸಿದರು!

ಪಿಯಾನೋ ಹುಟ್ಟಿದ್ದು ಇಟಲಿಯ ಫ್ಲಾರೆನ್ಸಿನಲ್ಲಿ, 1700ರ ಸುಮಾರಿಗೆ, ಬಾರ್ತೊಲೊಮೆಯೊ ಕ್ರಿಸ್ತೊಫೊರಿಯ ಕೈಯಲ್ಲಿ. ಮೊದಲ ನೂರು ವರ್ಷ ಅದು ಹೆಚ್ಚಾಗಿ ಅರಮನೆಗಳ ಮತ್ತು ಶ್ರೀಮಂತರ ವಾದ್ಯವಾಗಿತ್ತು. 19ನೇ ಶತಮಾನದಲ್ಲಿ ಅದು ಅಂಗಡಿಯವರ, ಗುಮಾಸ್ತರ, ಶಾಲಾ ಶಿಕ್ಷಕರ ಮನೆಗೂ ಬಂತು. ಒಂದು ಮನೆಗೆ ಒಂದೇ ಪಿಯಾನೋ. ನುಡಿಸುವವರು ತಾಯಿ, ದೊಡ್ಡ ಮಗಳು, ಕಿರಿಯ ಮಗ ಎಲ್ಲರೂ. ಹಾಗಾಗಿ ಒಬ್ಬರಿಂದ ಇನ್ನೊಬ್ಬರಿಗೆ ಬದಲಾಗುವ ಆಸನ ಬೇಕಾಯಿತು. ತಿರುಪಿನ ಸ್ಟೂಲು ಆ ಅಗತ್ಯಕ್ಕೆ ಸಿಕ್ಕ ಉತ್ತರ.

ಬೊಪ್ಪಾರ್ಡಿನ ಬಡಗಿ

ಇಂಥ ಸ್ಟೂಲುಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ ಮನೆತನಗಳಲ್ಲಿ ತೋನೆಟ್ ಮನೆತನದ ಹೆಸರು ದೊಡ್ಡದು. ಅದರ ಮೂಲಪುರುಷ ಮಿಖಾಯೆಲ್ ತೋನೆಟ್ 1796ರಲ್ಲಿ ರೈನ್ ನದಿಯ ದಡದ ಬೊಪ್ಪಾರ್ಡ್ ಊರಿನಲ್ಲಿ ಹುಟ್ಟಿದರು. ತಂದೆ ಚರ್ಮ ಹದ ಮಾಡುವವರು. ಮಗ ಬಡಗಿ ಕೆಲಸ ಕಲಿತು, 1819ರಲ್ಲಿ ಸ್ವಂತ ಕಾರ್ಯಾಗಾರ ತೆರೆದರು.

ಆ ಕಾಲದಲ್ಲಿ ಕುರ್ಚಿಯ ಬಾಗಿದ ಭಾಗ ಬೇಕಾದರೆ ದೊಡ್ಡ ಮರದ ತುಂಡಿನಿಂದ ಕೆತ್ತಿ ತೆಗೆಯಬೇಕಿತ್ತು. ಅದರಿಂದ ಮರ ಬಹಳ ವ್ಯರ್ಥವಾಗುತ್ತಿತ್ತು. ಅಷ್ಟೇ ಅಲ್ಲ, ಬಾಗಿದ ಕಡೆ ಮರದ ನಾರು ಅಡ್ಡಕ್ಕೆ ಕತ್ತರಿಸಿಹೋಗಿ ಅಲ್ಲೇ ಮುರಿಯುತ್ತಿತ್ತು. ಕೆತ್ತುವ ಬದಲು ಬಗ್ಗಿಸಿದರೆ ಹೇಗೆ ಎಂದು ತೋನೆಟ್ ಯೋಚಿಸಿದರು. 1830ರ ದಶಕದಲ್ಲಿ ತೆಳುವಾದ ಮರದ ಪಟ್ಟಿಗಳನ್ನು ಅಂಟಿನಲ್ಲಿ ಕುದಿಸಿ, ಕಟ್ಟಾಗಿ ಜೋಡಿಸಿ, ಅಚ್ಚಿನಲ್ಲಿ ಬಗ್ಗಿಸಿ ಕುರ್ಚಿ ಮಾಡಿದರು.

ಈ ಹೊಸ ವಿಧಾನದ ಹಕ್ಕನ್ನು ಕಾಯ್ದುಕೊಳ್ಳಲು ಅವರು ಹಲವು ದೇಶಗಳಲ್ಲಿ ಪೇಟೆಂಟಿಗೆ ಪ್ರಯತ್ನಿಸಿದರು. ಪ್ರಯತ್ನಗಳು ಫಲಿಸಲಿಲ್ಲ, ಕೈಯಲ್ಲಿದ್ದ ಹಣ ಕರಗಿತು. 1841ರಲ್ಲಿ ಕೊಬ್ಲೆಂಟ್ಸ್ ಪ್ರದರ್ಶನದಲ್ಲಿ ಅವರ ಕೆಲಸವನ್ನು ಆಸ್ಟ್ರಿಯಾದ ಪ್ರಧಾನಿ ಮೆಟ್ಟರ್ನಿಖ್ ನೋಡಿ ಮೆಚ್ಚಿದರು, ವಿಯೆನ್ನಾಕ್ಕೆ ಕರೆದರು. ತೋನೆಟ್ ವಿಯೆನ್ನಾಕ್ಕೆ ಹೋದರು. 1842ರಲ್ಲಿ ಅಲ್ಲಿ ಹಕ್ಕುಪತ್ರವೂ ಸಿಕ್ಕಿತು. ಆದರೆ ಇತ್ತ ಬೊಪ್ಪಾರ್ಡಿನಲ್ಲಿ ಸಾಲಗಾರರು ಅವರ ಆಸ್ತಿಯನ್ನು ವಶಪಡಿಸಿಕೊಂಡರು. ಹೆಂಡತಿ ಮಕ್ಕಳು ಹುಟ್ಟೂರು ಬಿಟ್ಟು ವಿಯೆನ್ನಾ ಸೇರಬೇಕಾಯಿತು.

ಆಗ ತೋನೆಟ್‌ಗೆ 46 ವರ್ಷ. ಆ ವಯಸ್ಸಿನಲ್ಲಿ ಊರು, ಮನೆ, ಕಾರ್ಯಾಗಾರ ಕಳೆದುಕೊಂಡವರು ಮತ್ತೆ ಕೂಲಿಯಿಂದ ಆರಂಭಿಸುವುದು ಸುಲಭವಲ್ಲ. ಅವರು ಮತ್ತು ಅವರ ಮಕ್ಕಳು ಬೇರೆಯವರ ಕೈಕೆಳಗೆ ದುಡಿದರು. ವಿಯೆನ್ನಾದ ಲಿಕ್ಟೆನ್‌ಸ್ಟೈನ್ ಅರಮನೆಯ ಒಳಾಂಗಣ ಕೆಲಸದಲ್ಲಿ ಪಾಲ್ಗೊಂಡರು. 1849ರಲ್ಲಿ ಮತ್ತೆ ಸ್ವಂತ ಕಾರ್ಯಾಗಾರ ತೆರೆದರು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅವರ ಕುರ್ಚಿಗಳಿಗೆ ಕಂಚಿನ ಪದಕ ಬಂತು. 1853ರಲ್ಲಿ ತಂದೆ ಉದ್ಯಮವನ್ನು ಐವರು ಗಂಡುಮಕ್ಕಳ ಹೆಸರಿಗೆ ಮಾಡಿದರು. ಫ್ರಾನ್ಸ್, ಮಿಖಾಯೆಲ್, ಆಗಸ್ಟ್, ಯೋಸೆಫ್, ಯಾಕೊಬ್ ಎಂಬ ಆ ಐವರ ಸಂಸ್ಥೆಗೆ ‘ತೋನೆಟ್ ಸಹೋದರರು’ ಎಂದೇ ಹೆಸರಾಯಿತು.

ಗಿಡವಾಗಿ ಬಗ್ಗದ್ದು

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂಬ ಗಾದೆ ನಮ್ಮಲ್ಲಿ ಮನೆಮಾತು. ತೋನೆಟ್ ಕುಟುಂಬ ಬಗ್ಗಿಸಿದ್ದು ಬೆಳೆದು ಕಡಿದ ಗಟ್ಟಿ ಮರವನ್ನೇ. ಅಂಟಿಸಿದ ಪಟ್ಟಿಗಳಿಗೆ ತೇವದ ಹವೆಯಲ್ಲಿ ಬಿಟ್ಟುಕೊಳ್ಳುವ ದೋಷವಿತ್ತು. ಆದ್ದರಿಂದ ಇಡೀ ಮರದ ಕೋಲನ್ನೇ ಬಗ್ಗಿಸುವ ವಿಧಾನವನ್ನು ಅವರು ಕಂಡುಕೊಂಡರು. ಅದಕ್ಕೆ 1856ರಲ್ಲಿ 13 ವರ್ಷಗಳ ಪೇಟೆಂಟ್ ದೊರೆಯಿತು.

ವಿಧಾನ ಹೀಗಿತ್ತು. ಬೀಚ್ ಎಂಬ ಮರದ ನೇರವಾದ ಕೋಲುಗಳನ್ನು ನುಣುಪಾಗಿ ಕಡೆದು, ಉಗಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಉಗಿಯ ಬಿಸಿಗೆ, ತೇವಕ್ಕೆ ಮರ ಮೆತ್ತಗಾಗುತ್ತದೆ. ಆದರೆ ಬರಿಯ ಉಗಿ ಸಾಲದು. ಕೋಲನ್ನು ಬಗ್ಗಿಸಿದಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. ಮರಕ್ಕೆ ಕುಗ್ಗುವುದು ಸಾಧ್ಯ. ಹೆಚ್ಚು ಹಿಗ್ಗಿದರೆ ಅದು ಸೀಳಿಹೋಗುತ್ತದೆ. ಇದಕ್ಕೆ ತೋನೆಟ್ ಕಂಡ ಉಪಾಯ ಸರಳ. ಕೋಲಿನ ಹೊರಮೈಗೆ ಒಂದು ಲೋಹದ ಪಟ್ಟಿಯನ್ನು ಇಟ್ಟು, ಎರಡೂ ತುದಿಗಳಲ್ಲಿ ಬಿಗಿದರು. ಆ ಪಟ್ಟಿ ಹೊರಮೈಯನ್ನು ಹಿಗ್ಗಲು ಬಿಡುವುದಿಲ್ಲ. ಎಳೆತವನ್ನೆಲ್ಲ ಪಟ್ಟಿ ತಾನು ತಾಳಿಕೊಳ್ಳುತ್ತದೆ. ಮರ ಸೀಳದೆ ಬಗ್ಗುತ್ತದೆ. ಬಗ್ಗಿದ ಕೋಲನ್ನು ಕಬ್ಬಿಣದ ಅಚ್ಚಿಗೆ ಕಟ್ಟಿ, ಬಿಸಿ ಕೋಣೆಯಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಪಟ್ಟಿಯನ್ನು ಬಿಚ್ಚುತ್ತಿದ್ದರು. ಒಣಗಿದ ಮರ ಮತ್ತೆ ನೇರವಾಗುತ್ತಿರಲಿಲ್ಲ.

ನಮ್ಮ ಗಾದೆ ಸುಳ್ಳಲ್ಲ. ಒಂಟಿಯಾಗಿ ಬಗ್ಗಿಸಹೊರಟರೆ ಮರ ಮುರಿಯುತ್ತದೆ. ಬೆನ್ನಿಗೆ ಆಸರೆ ಇದ್ದರೆ ಬಗ್ಗುತ್ತದೆ ಎಂಬ ಮಾತನ್ನು ಈ ಬಡಗಿಯ ಮನೆ ಗಾದೆಗೆ ಸೇರಿಸಿತು.

ಬೀಚ್ ಮರ ಹೇರಳವಾಗಿದ್ದ ಮೊರಾವಿಯಾದಲ್ಲಿ, ಅಂದರೆ ಇಂದಿನ ಚೆಕ್ ದೇಶದಲ್ಲಿ, ಕೊರಿಚಾನಿ ಎಂಬ ಊರಿನಲ್ಲಿ ಅವರು ಕಾರ್ಖಾನೆ ಕಟ್ಟಿದರು. ಆಮೇಲೆ ಬಿಸ್ಟ್ರಿತ್ಸೆ ಮೊದಲಾದ ಊರುಗಳಿಗೂ ಕೆಲಸ ಹಬ್ಬಿತು. ಕೆಲಸವನ್ನು ಹಂತ ಹಂತವಾಗಿ ಹಂಚಿದ್ದರು. ಬಗ್ಗಿಸುವ ಭಾರದ ಕೆಲಸ ಗಂಡಸರದು. ಹೊಳಪು ಕೊಡುವುದು, ಬೆತ್ತ ಹೆಣೆಯುವುದು ಹೆಚ್ಚಾಗಿ ಹೆಂಗಸರದು. 1859ರಲ್ಲಿ ಬಂದ ಅವರ 14ನೇ ನಂಬರಿನ ಕುರ್ಚಿಯಲ್ಲಿ ಇದ್ದದ್ದು 6 ಮರದ ಭಾಗ, 10 ತಿರುಪು, 2 ನಟ್ಟು ಮಾತ್ರ. ಬಿಚ್ಚಿದ 36 ಕುರ್ಚಿಗಳು ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದವು. 1930ರ ಹೊತ್ತಿಗೆ ಸುಮಾರು 5 ಕೋಟಿ ಕುರ್ಚಿಗಳು ಮಾರಾಟವಾಗಿದ್ದವು ಎನ್ನುತ್ತಾರೆ. ಮುಂಬಯಿಯ ಹಳೆಯ ಇರಾನಿ ಹೋಟೆಲುಗಳಲ್ಲಿ ಚಹಾ ಕುಡಿದ ನಮ್ಮ ಹಿರಿಯರು ಕುಳಿತದ್ದೂ ಯುರೋಪಿನಿಂದ ಬಂದ ಇದೇ ಜಾತಿಯ ಬಾಗುಮರದ ಕುರ್ಚಿಗಳ ಮೇಲೆ.

ವಿಯೆನ್ನಾ ಪಿಯಾನೋಗಳ ಊರೂ ಆಗಿತ್ತು. ಆಗ್ಸ್‌ಬರ್ಗಿನ ಪಿಯಾನೋ ತಯಾರಕ ಸ್ಟೈನ್ ಅವರ ಮಗಳು ನಾನೆಟ್ ಸ್ಟ್ರೈಖರ್ (1769–1833) ತಂದೆಯಿಂದ ಕಲಿತ ವಿದ್ಯೆಯಿಂದ ಅಲ್ಲಿ ಪಿಯಾನೋ ಕಾರ್ಯಾಗಾರ ನಡೆಸಿದ್ದರು. 1828ರಲ್ಲಿ ಇಗ್ನಾಟ್ಸ್ ಬೋಸೆಂಡಾರ್ಫರ್ ತಮ್ಮ ಗುರುವಿನ ಕಾರ್ಯಾಗಾರವನ್ನು ವಹಿಸಿಕೊಂಡಿದ್ದರು. ಇಂಥ ಊರಿನ ಕುರ್ಚಿ ತಯಾರಕರು ಪಿಯಾನೋ ಸ್ಟೂಲನ್ನು ಬಿಟ್ಟಾರೆಯೇ? ತೋನೆಟ್ ಸಹೋದರರ ಪಟ್ಟಿಯಲ್ಲಿ ತಿರುಗುವ ಪಿಯಾನೋ ಸ್ಟೂಲುಗಳೂ ಸೇರಿದವು. ಗುಂಡಗಿನ ಮಣೆಯ ಅಂಚು ಬಗ್ಗಿಸಿದ ಒಂದೇ ಕೋಲು, ನಡುವೆ ಬೆತ್ತದ ಹೆಣಿಗೆ, ಕೆಳಗೆ ಬಳುಕಿದ ಕಾಲುಗಳು, ಅವುಗಳನ್ನು ಹಿಡಿದಿಡಲು ಮರದ ಬಳೆ. ಮಗುವೂ ಎಳೆದೊಯ್ಯಬಹುದಾದಷ್ಟು ಹಗುರ, ದೊಡ್ಡವರು ಕೂತರೂ ಅಲುಗದಷ್ಟು ಗಟ್ಟಿ.

ಹಕ್ಕು ಮುಗಿದ ಮೇಲೆ

1869ರಲ್ಲಿ ಪೇಟೆಂಟ್ ಅವಧಿ ಮುಗಿಯಿತು. ಎರಡು ವರ್ಷಗಳ ಬಳಿಕ, 1871ರ ಮಾರ್ಚ್ 3ರಂದು ಮಿಖಾಯೆಲ್ ತೋನೆಟ್ ತೀರಿಕೊಂಡರು. ಮರ ಬಗ್ಗಿಸುವ ವಿದ್ಯೆ ಈಗ ಎಲ್ಲರ ಸೊತ್ತು. ಹಲವು ಕಾರ್ಖಾನೆಗಳು ಹುಟ್ಟಿದವು. ಅವುಗಳಲ್ಲಿ ದೊಡ್ಡದು ಮೊರಾವಿಯಾದ ಯೆಹೂದ್ಯ ಮನೆತನವಾದ ಕೋನ್ ಅವರದು. ಮರದ ವ್ಯಾಪಾರ ಮಾಡುತ್ತಿದ್ದ ಯಾಕೊಬ್ ಕೋನ್ ಮತ್ತು ಅವರ ಮಗ ಯೋಸೆಫ್ ಕಟ್ಟಿದ ಆ ಸಂಸ್ಥೆ ಗುಣದಲ್ಲೂ ಹೊಸತನದಲ್ಲೂ ತೋನೆಟ್‌ಗೆ ಸಮವಾಗಿ ನಿಂತಿತು.

ಎರಡು ಮನೆತನಗಳು ದಶಕಗಳ ಕಾಲ ಪೈಪೋಟಿ ನಡೆಸಿದವು. ಮೊದಲ ಮಹಾಯುದ್ಧದ ಬಳಿಕ ಮಾರುಕಟ್ಟೆ ಕುಸಿದಾಗ, 1920ರ ದಶಕದ ಆರಂಭದಲ್ಲಿ ಒಂದಾದವು. ಆದರೆ 1938ರಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾಕ್ಕೆ ನುಗ್ಗಿತು. ಒಂದಾದ ಸಂಸ್ಥೆಯನ್ನು ನಡೆಸುತ್ತಿದ್ದ ಲಿಯೊಪೋಲ್ಡ್ ಪಿಲ್ಟ್ಸರ್ ಯೆಹೂದ್ಯರು. ಅವರು ದೇಶ ಬಿಟ್ಟು ಅಮೆರಿಕಕ್ಕೆ ಹೋಗಬೇಕಾಯಿತು. ಯುದ್ಧ ಮುಗಿದ ಮೇಲೆ ಪೂರ್ವ ಯುರೋಪಿನ ಕಾರ್ಖಾನೆಗಳು ಸರ್ಕಾರಗಳ ವಶವಾಗಿ ತೋನೆಟ್ ಮನೆತನದ ಕೈತಪ್ಪಿದವು. ಜರ್ಮನಿಯ ಫ್ರಾಂಕೆನ್‌ಬರ್ಗಿನಲ್ಲಿ 1889ರಲ್ಲಿ ಕಟ್ಟಿದ್ದ ಕಾರ್ಖಾನೆ 1945ರಲ್ಲಿ ಬಾಂಬಿಗೆ ತುತ್ತಾಯಿತು. ಅದನ್ನು ಮತ್ತೆ ಎಬ್ಬಿಸಿದವರು ಮೂಲಪುರುಷನ ಮರಿಮಗ ಗೇಯಾರ್ಗ್ ತೋನೆಟ್. ಅತ್ತ ಬಿಸ್ಟ್ರಿತ್ಸೆಯ ಕಾರ್ಖಾನೆ 1953ರಿಂದ ‘ಟಾನ್’ ಎಂಬ ಹೆಸರಿನಲ್ಲಿ ಕುರ್ಚಿ ಮಾಡುತ್ತಾ ಹೋಯಿತು. ಒಡೆಯರು ಬದಲಾದರು, ಕೈಕೆಲಸ ಉಳಿಯಿತು. ಬಡಗಿ ಬೊಪ್ಪಾರ್ಡಿನಲ್ಲಿ ಕಳೆದುಕೊಂಡದ್ದನ್ನು ಮಕ್ಕಳು ಗಳಿಸಿದರು, ಮರಿಮಕ್ಕಳು ಮತ್ತೆ ಕಳೆದುಕೊಂಡರು. ಕೊನೆಗೂ ಯಾರಿಂದಲೂ ಕಿತ್ತುಕೊಳ್ಳಲಾಗದೆ ಉಳಿದದ್ದು ಉಗಿ ಮತ್ತು ಪಟ್ಟಿಯ ಆ ವಿದ್ಯೆ.

ಗಾಜಿನ ಗುಂಡು ಹಿಡಿದ ಉಗುರು

ಸಮುದ್ರದಾಚೆಯ ಅಮೆರಿಕದಲ್ಲಿ ಸ್ಟೂಲು ಬೇರೆ ರೂಪ ತಾಳಿತು. ಅಲ್ಲಿ ಮರವನ್ನು ಬಗ್ಗಿಸಲಿಲ್ಲ, ಕಡೆದರು. ಗುಬುಟು ಗುಬುಟಾಗಿ ಕಡೆದ ದಪ್ಪ ಕಾಲುಗಳು. ಕಾಲಿನ ತುದಿಯಲ್ಲಿ ಲೋಹದ ಉಗುರುಗಳು. ಆ ಉಗುರುಗಳು ಬಿಗಿಯಾಗಿ ಹಿಡಿದ ಗಾಜಿನ ಗುಂಡು. ಚೀನಾದ ಕಲೆಯಲ್ಲಿ ಮುತ್ತನ್ನು ಹಿಡಿದ ಡ್ರ್ಯಾಗನ್ ಉಗುರು ಈ ಅಲಂಕಾರದ ಮೂಲ ಎನ್ನುತ್ತಾರೆ.

ಇಂಥವನ್ನು ಮಾಡಿದವರೂ ಮನೆತನಗಳೇ. ಕನೆಕ್ಟಿಕಟ್ ರಾಜ್ಯದ ಮೆರಿಡನ್ ಊರಿನ ಚಾರ್ಲ್ಸ್ ಪಾರ್ಕರ್ (1809–1902) ಕಾಫಿ ಬೀಸುವ ಯಂತ್ರಗಳಿಂದ ಆರಂಭಿಸಿದವರು. ಅವರ ಸಂಸ್ಥೆ ಬಡಗಿಗಳ ಹಿಡಿಕಟ್ಟು, ಬಂದೂಕುಗಳ ಜೊತೆ ಪಿಯಾನೋ ಸ್ಟೂಲುಗಳನ್ನೂ ಮಾಡಿತು. 1867ರಲ್ಲಿ ಅವರು ಆ ಊರಿನ ಮೊದಲ ಮೇಯರ್ ಆದರು. ಮ್ಯಾಸಚೂಸೆಟ್ಸ್‌ನ ಸೌತ್ ಆಕ್ಟನ್‌ನಲ್ಲಿ ಮೆರಿಯಂ ಮನೆತನ, ಶಿಕಾಗೋದಲ್ಲಿ ಟಾಂಕ್ ಮನೆತನ, ಒಹಾಯೋದ ಕೊಲಂಬಸ್‌ನಲ್ಲಿ ‘ಹೋಲ್ಟ್ಸ್‌ಮನ್ ಮತ್ತು ಮಕ್ಕಳು’ ಇದೇ ಕೆಲಸದಲ್ಲಿದ್ದರು. ಇವರ ಹೆಸರು ಸ್ಟೂಲಿನ ಮೇಲೆ ಕಾಣುವುದಿಲ್ಲ. ಮಣೆಯ ಅಡಿಯಲ್ಲಿ ಅಂಟಿಸಿದ ಕಾಗದದ ಚೀಟಿಯಲ್ಲೋ, ಎರಕದ ಕಬ್ಬಿಣದ ತಟ್ಟೆಯಲ್ಲೋ ಇರುತ್ತದೆ. ಸ್ಟೂಲನ್ನು ಮಗುಚಿದವರಿಗೆ ಮಾತ್ರ ಮಾಡಿದವರ ಹೆಸರು ಸಿಗುತ್ತದೆ.

1909ರಲ್ಲಿ ಅಮೆರಿಕದಲ್ಲಿ ಒಂದೇ ವರ್ಷ ಮೂರೂವರೆ ಲಕ್ಷಕ್ಕೂ ಹೆಚ್ಚು ಪಿಯಾನೋಗಳು ತಯಾರಾದವು. ಅಲ್ಲಿಂದ ಇಳಿಮುಖ. ಗ್ರಾಮಫೋನು ಬಂತು, ರೇಡಿಯೋ ಬಂತು, 1929ರ ಆರ್ಥಿಕ ಕುಸಿತ ಬಂತು. ತಿರುಗುವ ಸ್ಟೂಲಿನ ಜಾಗಕ್ಕೆ ಇಬ್ಬರು ಕೂರಬಹುದಾದ ಉದ್ದನೆಯ ಬೆಂಚು ಬಂತು. ಅದರ ಮುಚ್ಚಳ ಎತ್ತಿ ಸಂಗೀತದ ಪುಸ್ತಕಗಳನ್ನೂ ಇಡಬಹುದಿತ್ತು. ಆದರೆ ಹೆಚ್ಚಿನ ಬೆಂಚುಗಳಿಗೆ ಏರಿಳಿಯುವ ಗುಣ ಇರಲಿಲ್ಲ. ಮಗುವಿಗೆ ಮತ್ತೆ ಮೆತ್ತೆ, ದಪ್ಪ ಪುಸ್ತಕಗಳೇ ಗತಿಯಾದವು.

ಒಬ್ಬ ತಂದೆ ಮಾಡಿದ ಕುರ್ಚಿ

ಏರಿಳಿಯುವ ಆಸನ ಮಾಡಲು ಕಾರ್ಖಾನೆಯೇ ಬೇಕೆಂದಿಲ್ಲ. ಕೆನಡಾದ ಟೊರಾಂಟೊದಲ್ಲಿ ಬರ್ಟ್ ಗೂಲ್ಡ್ ಎಂಬವರು ತುಪ್ಪಳದ ಉಡುಪಿನ ವ್ಯಾಪಾರಿ. ಅವರ ಪತ್ನಿ ಫ್ಲಾರೆನ್ಸ್ ಸಂಗೀತ ಶಿಕ್ಷಕಿ. ಒಬ್ಬನೇ ಮಗ ಗ್ಲೆನ್, 1932ರಲ್ಲಿ ಹುಟ್ಟಿದವನು. ತಾಯಿಯೇ ಅವನಿಗೆ ಮೊದಲ ಗುರು. ಗ್ಲೆನ್‌ಗೆ ತುಂಬ ತಗ್ಗಿನಲ್ಲಿ ಕುಳಿತು ನುಡಿಸುವ ಅಭ್ಯಾಸ. ಯಾವ ಸ್ಟೂಲೂ ಅಷ್ಟು ಕೆಳಗೆ ಇಳಿಯುತ್ತಿರಲಿಲ್ಲ.

1953ರಲ್ಲಿ ತಂದೆ ಒಂದು ಮಡಚುವ ಕುರ್ಚಿಯನ್ನು ತೆಗೆದುಕೊಂಡು, ಅದರ ಪ್ರತಿ ಕಾಲನ್ನೂ ಸುಮಾರು 4 ಅಂಗುಲ ಗರಗಸದಿಂದ ಕೊಯ್ದರು. ಪ್ರತಿ ಕಾಲಿಗೆ ಹಿತ್ತಾಳೆಯ ಕಟ್ಟು ಹಾಕಿ, ಅದಕ್ಕೆ ತಿರುಪು ಜೋಡಿಸಿದರು. ನಾಲ್ಕು ಕಾಲುಗಳನ್ನೂ ಬೇರೆ ಬೇರೆಯಾಗಿ ಏರಿಸಿ ಇಳಿಸಬಹುದಿತ್ತು. ಆಸನ ನೆಲದಿಂದ ಕೇವಲ 14 ಅಂಗುಲ ಎತ್ತರ. ಆ ಕುರ್ಚಿಯ ಮೇಲೆ ಕುಳಿತು ಗ್ಲೆನ್ ಗೂಲ್ಡ್ 1955ರಲ್ಲಿ ನ್ಯೂಯಾರ್ಕಿನಲ್ಲಿ ಬಾಖ್ ಅವರ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ ಧ್ವನಿಮುದ್ರಿಸಿ ಜಗತ್ಪ್ರಸಿದ್ಧರಾದರು. ಊರಿಂದೂರಿಗೆ ಅದೇ ಕುರ್ಚಿಯನ್ನು ಒಯ್ದರು. ಅದು ಕಿರುಗುಟ್ಟುವ ಸದ್ದು ಅವರ ಧ್ವನಿಮುದ್ರಣಗಳಲ್ಲೂ ಕೇಳಿಸುತ್ತದೆ. ಮಣೆಯ ಮೆತ್ತೆ ಹರಿದು, ಕೊನೆಗೆ ಬರಿಯ ಚೌಕಟ್ಟು ಉಳಿದರೂ 1982ರಲ್ಲಿ ತೀರಿಕೊಳ್ಳುವವರೆಗೆ ಅವರು ಅದನ್ನು ಬಿಡಲಿಲ್ಲ. ದುಬಾರಿ ಆಸನ ಕೊಳ್ಳುವ ಶಕ್ತಿ ಅವರಿಗಿರಲಿಲ್ಲವೇ? ಇತ್ತು. ಆದರೆ ಅವರ ಮೈಯ ಅಳತೆಗೆ ಸರಿಯಾಗಿ ಇದ್ದದ್ದು ತಂದೆ ಮಾಡಿದ ಆ ಕುರ್ಚಿಯೊಂದೇ.

ನಮ್ಮ ಮನೆಗಳಿಗೆ ಒಂದು ಮಾತು

ಪ್ರಿಯ ಓದುಗರೇ, ಯಾರ ಮನೆಯಲ್ಲಾದರೂ, ಸಂಗೀತ ಶಾಲೆಯ ಮೂಲೆಯಲ್ಲಾದರೂ ಇಂಥ ಹಳೆಯ ಸ್ಟೂಲು ಇದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ಮಗುಚಿ ನೋಡಿ. ಅಡಿಯಲ್ಲಿ ಹೆಸರಿದ್ದರೆ ಅದನ್ನು ಉಜ್ಜಿ ಅಳಿಸಬೇಡಿ. ತಿರುಪಿನ ಹಳೆಯ ಜಿಡ್ಡನ್ನು ಬಟ್ಟೆಯಿಂದ ಒರೆಸಿ, ಎರಡು ಹನಿ ಎಣ್ಣೆ ಬಿಡಿ. ಮಣೆಯನ್ನು ಅತಿಯಾಗಿ ಮೇಲಕ್ಕೆ ಏರಿಸಬೇಡಿ. ತಿರುಪಿನ ಕೊನೆಯ ಕೆಲವು ಸುತ್ತುಗಳು ಮಾತ್ರ ಕಚ್ಚಿಕೊಂಡಿದ್ದರೆ ಕುಳಿತವರು ಬೀಳುತ್ತಾರೆ. ಕಾಲು ಅಲುಗಾಡಿದರೆ ಮೊಳೆ ಹೊಡೆಯಬೇಡಿ, ಬಲ್ಲ ಬಡಗಿಗೆ ತೋರಿಸಿ ಅಂಟು ಹಾಕಿಸಿ.

ಪಿಯಾನೋ ಇಲ್ಲದ ಮನೆಗಳೇ ನಮ್ಮಲ್ಲಿ ಹೆಚ್ಚು. ಆದರೆ ಗಾಯನ ಮಂಡಳಿಯ ಕೀಬೋರ್ಡಿನ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಕಾಲು ನೇತಾಡಿಸುತ್ತಾ, ಹೆಗಲು ಎತ್ತಿಕೊಂಡು ಅಭ್ಯಾಸ ಮಾಡುವ ಮಕ್ಕಳು ಎಲ್ಲ ಕಡೆ ಇದ್ದಾರೆ. “ಸರಿಯಾಗಿ ಕೂತ್ಕೋ” ಎಂದು ನಾವು ಗದರುತ್ತೇವೆ. ಸರಿಯಾಗಿ ಕೂರಲು ಮಗುವಿಗೆ ನಾವು ಏನು ಕೊಟ್ಟಿದ್ದೇವೆ? ಮೆತ್ತೆಯೊಂದನ್ನು ಕೆಳಗಿಟ್ಟು, ಕಾಲಡಿಗೆ ಒಂದು ಮಣೆ ಕೊಟ್ಟರೆ ಸಾಕು. 300 ವರ್ಷಗಳ ಹಿಂದೆ ಕೂಪರಾಂ ಹೇಳಿದ್ದು ಇಷ್ಟನ್ನೇ.

ಬಗ್ಗಲಿಲ್ಲವೆಂದು ಮಕ್ಕಳನ್ನು ದೂರುವುದು ಸುಲಭ. ಬೀಚ್ ಮರದ ಬೆನ್ನಿಗಿದ್ದ ಪಟ್ಟಿ ಹೊರಗೆ ಯಾರಿಗೂ ಕಾಣದು. ಕುರ್ಚಿ ಸಿದ್ಧವಾಗುವ ಮೊದಲೇ ಅದನ್ನು ಬಿಚ್ಚಿಡುತ್ತಾರೆ. ಆದರೆ ಅದಿಲ್ಲದೆ ಒಂದು ಕೋಲೂ ಮುರಿಯದೆ ಉಳಿಯುತ್ತಿರಲಿಲ್ಲ. ಎಳೆತವನ್ನು ತಾನು ತಾಳಿಕೊಂಡು, ಹೊಂದಿಕೆಯಾದ ಮೇಲೆ ಸದ್ದಿಲ್ಲದೆ ಬದಿಗೆ ಸರಿಯುವ ಆ ಪಟ್ಟಿಯ ಕೆಲಸ ಪ್ರತಿ ಮನೆಯಲ್ಲೂ ಯಾರಾದರೊಬ್ಬರು ಮಾಡುತ್ತಿರುತ್ತಾರೆ. ಅವರ ಹೆಸರು ಎಲ್ಲೂ ಕಾಣದಿದ್ದರೆ, ನಾವೇ ಮಗುಚಿ ನೋಡಿ ಓದೋಣ.